ತಿದ್ದುಪಡಿ

ಹೋದ ವಾರ ನಾನು ಬರೆದದ್ದರಲ್ಲಿ ತಪ್ಪಿದೆಯಂತೆ.
ಚಿಬಾಯಿಶಿನಿಂದ ಫೋನು ಬಂತು:
ಬಾ, ಬಂದು ನಮ್ಮೆದುರೇ ಓದು.

ಹೋದೆ. ಅರ್ಧ ದಾರಿ ದೋಣಿ ತೇಲಿತು,
ಇನ್ನರ್ಧ ನಾವೇ ಅದನ್ನು ಎಳೆದೆವು
ಬಿರಿದ ಕೆಸರಿನ ಮೇಲೆ, ಹಟ ಹಿಡಿದ ಕರುವನ್ನು ಎಳೆದಂತೆ.

ಜೊಂಡು ಬಾಗಿಸಿ ಕಟ್ಟಿದ ಅತಿಥಿಮನೆಯೊಳಗೆ
ಹದಿನೇಳು ಜನ, ಏಲಕ್ಕಿ ಹಾಕಿದ ಕಹಿ ಕಾಫಿ.
ಓದಿದೆ. ‘ಹವಾಮಾನ ಬದಲಾವಣೆಯ ಸಂತ್ರಸ್ತರು’ ಎಂಬಲ್ಲಿಗೆ
ತಸ್ವಾಹಿನ್ ಅಜ್ಜಿ ಕೈ ಎತ್ತಿದಳು.
“ಅವರು ಯಾರು? ನಮ್ಮ ಪೈಕಿಯವರೇ?”
ಯಾರೂ ನಗಲಿಲ್ಲ. ಪೆನ್ನು ತೆಗೆದು ಹೊಡೆದುಹಾಕಿದೆ.

ಮುಂದೆ: ‘ಹದಿನಾಲ್ಕು ಎಮ್ಮೆಗಳು ಸತ್ತಿವೆ.’
“ಹದಿಮೂರು” ಅಂದ ಹುಡುಗನೊಬ್ಬ. “ಸಮ್ರಾ ಸತ್ತಿಲ್ಲ.
ಕಣ್ಣು ಹೋಗಿದೆ ಅಷ್ಟೆ. ನನ್ನ ದನಿ ಕೇಳಿ ಬರ್ತಾಳೆ.”
ವರ್ದಾ ಸತ್ತಳು, ವರ್ದಾಳ ಮಗಳು ಸತ್ತಳು,
ಆ ಕೊಂಬು ಮುರಿದವಳು, ಈದಿನ ಹಿಂದಿನ ರಾತ್ರಿ,
ಬರೆದುಕೋ, ಬರೆದುಕೋ ಎಂದರು.
ಬಾಗ್ದಾದಿನಲ್ಲಿ ಕೂತ ಸಂಪಾದಕ ಮುಹನ್ನದ್ ಹೇಳುತ್ತಾನೆ,
ಮೊದಲು ಅಂಕಿ ಕೊಡು, ಆಮೇಲೆ ಒಂದು ಮುಖ ಕೊಡು,
ನಾನೂರು ಪದ ದಾಟಬೇಡ.
ಎಮ್ಮೆಯ ಮುಖ ನಡೆಯುತ್ತದೆಯೇ ಎಂದು
ನಾನು ಯಾವತ್ತೂ ಕೇಳಿಲ್ಲ.

ನನ್ನ ಚೀಲದಲ್ಲಿ ಉಪ್ಪು ಅಳೆಯುವ ಕಡ್ಡಿ.
ಅದ್ದಿದೆ: ಲೀಟರಿಗೆ ಹನ್ನೊಂದು ಗ್ರಾಂ.
ತಸ್ವಾಹಿನ್ ಬೆರಳದ್ದಿ ನಾಲಿಗೆಗಿಟ್ಟು
“ನಿನ್ನೆಗಿಂತ ಹೆಚ್ಚು” ಎಂದಳು.
ನಿನ್ನೆ ಎಷ್ಟಿತ್ತೆಂದು ನನ್ನ ಕಡ್ಡಿಗೆ ಗೊತ್ತಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ತಿಂದವರು ಯಾರೋ, ಎಲ್ಲೋ,
ತಣ್ಣನೆಯ ಕೋಣೆಗಳಲ್ಲಿ.
ಕುಡಿಯುತ್ತಿರುವುದು ಇವು,
ಬೆನ್ನು ನೆನೆಯುವಷ್ಟೂ ಇಲ್ಲದ ನೀರಲ್ಲಿ
ಮೊಣಕಾಲೂರಿ.

ಚಿಲೈಬ್ ಮಾತಾಡಿದ್ದು ಕಾಫಿ ಮುಗಿದ ಮೇಲೆ.
ಮೊದಲ ಸಲ ನೀರು ಹೋದಾಗ, ಎಂದ,
ಒಯ್ದವನಿಗೆ ಸಮವಸ್ತ್ರವಿತ್ತು. ಬುಲ್ಡೋಜರಿನ ಸದ್ದಿತ್ತು.
ಬಯ್ಯಬಹುದಿತ್ತು, ಅಡಗಿಕೊಳ್ಳಬಹುದಿತ್ತು,
ಒಡ್ಡು ಒಡೆಯುವ ದಿನಕ್ಕೆಂದು ಗುದ್ದಲಿ ಮಸೆದಿಡಬಹುದಿತ್ತು.
ಒಡೆದೆವು ಕೂಡ.
ಈ ಸಲ ಹೋಗುತ್ತಿರುವುದಕ್ಕೆ ಸದ್ದೇ ಇಲ್ಲ.
ಮೇಲೆ ಅಣೆಕಟ್ಟು, ಅದರ ಮೇಲೆ ಇನ್ನೊಂದು,
ಅದಕ್ಕೂ ಮೇಲೆ ಬೆಟ್ಟದಲ್ಲಿ ಬೀಳದ ಹಿಮ,
ಆಚೆ ತೈಲಬಾವಿಯ ಬೆಂಕಿ.
ಅಲ್ಲೇ ನನ್ನ ಮೊಮ್ಮಗ ಕಾವಲುಗಾರ, ಸಂಬಳ ಚೆನ್ನಾಗಿದೆ.
ಯಾವುದಕ್ಕೆ ಗುದ್ದಲಿ ಹಾಕಲಿ? ನೀನು ಓದಿದವಳು, ಬರೆ.

ಬರೆಯಲಿಲ್ಲ. ನಾಸಿರಿಯಾದಿಂದ ನಾನು ಬಂದ ಟ್ಯಾಕ್ಸಿಯ ಹೊಗೆ
ಇನ್ನೂ ನನ್ನ ತೋಳಿನ ಬಟ್ಟೆಯಲ್ಲಿತ್ತು.

ಚಿಲೈಬ್ ಅಂದರೆ ನಾಯಿಮರಿ.
ಮೂರು ಕೂಸು ಹೋದ ಮೇಲೆ ಹುಟ್ಟಿದವನಿಗೆ
ಅವ್ವ ಇಟ್ಟ ಹೆಸರು. ಬಾಗಿಲಲ್ಲಿ ನಿಂತ ಸಾವು
ಕರೆಯುವುದನ್ನು ಕೇಳಿಸಿಕೊಂಡು
ಇಲ್ಲೇನಿದೆ, ನಾಯಿ, ಅಂದುಕೊಂಡು ಮುಂದೆ ಹೋಗಲಿ ಎಂದು.
ಎಪ್ಪತ್ತೆಂಟು ವರ್ಷ ಆ ಮೋಸ ನಡೆದಿದೆ.
“ಈ ನೀರಿಗೂ ಹಾಗೇ ಹೆಸರಿಡಬೇಕಿತ್ತು” ಎಂದ.
“ನೀವು ಬರೆಯುವವರು, ಫೋಟೋ ತೆಗೆಯುವವರು
ಸ್ವರ್ಗ ಸ್ವರ್ಗ ಎಂದು ಊರೆಲ್ಲ ಕೂಗಿದಿರಿ.
ದೃಷ್ಟಿಯಾಯಿತು.
ಕೊಚ್ಚೆ ಅನ್ನಬೇಕಿತ್ತು. ತಿಪ್ಪೆ ಅನ್ನಬೇಕಿತ್ತು.”

ಈಗ ಎಲ್ಲರೂ ನಕ್ಕರು. ನಾನೂ.

ಸಂಜೆ ಹುಡುಗ ಕರೆಯುತ್ತಾನೆ, ಹೆಸರು ಹಿಡಿದಲ್ಲ,
ಗಂಟಲಿನ ಆಳದ ಒಂದು ಕೂಗು,
ನಾನು ಕಲಿತ ಅಕ್ಷರಗಳಲ್ಲಿ ಅದು ಕೂರುವುದಿಲ್ಲ.
ಸಮ್ರಾ ಬರುತ್ತಾಳೆ, ಹಾಲಿನಂತೆ ಬೆಳ್ಳಗಾದ ಎರಡು ಕಣ್ಣು,
ಒಣಗಿದ ಕಾಲುವೆಯಲ್ಲೂ
ಈಜುವವಳಂತೆ ತಲೆಯೆತ್ತಿಕೊಂಡು.

ರಾತ್ರಿ ಮುಹನ್ನದನಿಗೆ ಕಳಿಸಿದೆ:
ಕಳೆದ ವರದಿಯಲ್ಲಿ ಹದಿನಾಲ್ಕು ಎಂದಿರುವುದನ್ನು
ಹದಿಮೂರು ಎಂದು ಓದಿಕೊಳ್ಳಬೇಕು.
ಸಂತ್ರಸ್ತರು ಎಂದಿರುವಲ್ಲಿ ಹದಿನೆಂಟು ಹೆಸರುಗಳಿವೆ,
ಒಂದು ಎಮ್ಮೆಯದು, ದಯವಿಟ್ಟು ತೆಗೆಯಬೇಡ.
ಸ್ಥಳದ ಹೆಸರು ತಿಪ್ಪೆ.

ಅವನು ಎರಡು ಸಲ ಕೇಳಿದ,
ಇದು ಬೆರಳಚ್ಚಿನ ತಪ್ಪೇ?